ಎರಡು ಬಿರುಕು, ಎರಡು ಕಾರಣ: ಎರೆ ಮಣ್ಣಿನ ಮೇಲಿನ ಒಂದು ಮನೆ

“ಮನಿ ಬೀಳತೈತೇನ್ರಿ ಸಾಹೇಬ್ರ?”

2022ರ ಯುಗಾದಿ ಕಳೆದು ಮೂರು ದಿನವಾಗಿತ್ತು. ಫೋನ್ ಮಾಡಿದವರು ನವಲಗುಂದ ತಾಲ್ಲೂಕಿನ ಒಂದು ಊರಿನ ನಿವೃತ್ತ ಪ್ರಾಥಮಿಕ ಶಾಲೆಯ ಮಾಸ್ತರರು. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಕಟ್ಟಿಸಿದ ಮನೆಗೆ ಆಗಿನ್ನೂ ಒಂಬತ್ತು ವರ್ಷ. ದಕ್ಷಿಣದ ಗೋಡೆಯ ಬಿರುಕಿನಲ್ಲಿ ಮೂರು ನಾಣ್ಯ ಜೋಡಿಸಿ ತೂರಿಸಿದರೂ ಒಳಗೆ ಹೋಗುತ್ತವೆ ಎಂದರು. ಬಚ್ಚಲ ಕಡೆಯ ಗೋಡೆಯಲ್ಲೂ ಒಂದು ಶುರುವಾಗಿತ್ತು. ನೋಡಿಹೋದ ಗುತ್ತಿಗೆದಾರರೊಬ್ಬರು ಪಾಯಾ ಕುಸಿದಿದೆ, ಸುತ್ತಲೂ ಕೆಳಗಿನಿಂದ ಕಾಂಕ್ರೀಟ್ ಕೊಟ್ಟು ಎತ್ತಿ ನಿಲ್ಲಿಸಬೇಕು, ಆರು ಲಕ್ಷ ಆಗುತ್ತದೆ ಎಂದಿದ್ದರು. ಬೆಂಗಳೂರಿನಲ್ಲಿದ್ದ ಮಗ ಸಾಲಕ್ಕೆ ಅರ್ಜಿ ಹಾಕಲು ಹೊರಟಿದ್ದ. ನಾನು ಬರುವವರೆಗೆ ಯಾವ ಕಾಗದಕ್ಕೂ ಸಹಿ ಮಾಡಬೇಡಿ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ನಾನು ಕಟ್ಟಡದ ಇಂಜಿನಿಯರ್. ಧಾರವಾಡ, ಗದಗ ಸೀಮೆಯ ಎರೆ (ಕಪ್ಪು ಜೇಡಿಮಣ್ಣಿನ) ಭೂಮಿಯಲ್ಲಿ ಇಂಥ ಮನೆಗಳನ್ನು ಸಾಕಷ್ಟು ನೋಡಿದ್ದೇನೆ. ಈ ಒಂದು ಮನೆಯನ್ನು ಇಲ್ಲಿ ಪೂರ್ತಿಯಾಗಿ ಬರೆಯಲು ಕಾರಣವಿದೆ. ಒಂದೇ ಮನೆಯಲ್ಲಿ, ಮೂವತ್ತೈದು ಅಡಿ ಅಂತರದಲ್ಲಿ, ಒಂದು ಮೂಲೆ ಇಳಿದಿತ್ತು, ಇನ್ನೊಂದು ಮೂಲೆ ಎದ್ದಿತ್ತು. ಎರಡನ್ನೂ ಎಲ್ಲರೂ “ಕುಸಿತ” ಎಂದೇ ಕರೆಯುತ್ತಿದ್ದರು.

ಮೊದಲ ದಿನ ಕಂಡದ್ದು

ಮನೆ ಪೂರ್ವಕ್ಕೆ ಮುಖ ಮಾಡಿದೆ. ಮೂವತ್ತು ನಲವತ್ತರ ಸೈಟು, ಒಂದೇ ಅಂತಸ್ತು. ಸೈಜುಗಲ್ಲಿನ ಪಾಯಾ, ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ ಸ್ಲ್ಯಾಬ್. ಕಾಲಮ್‌ಗಳಿಲ್ಲ, ಭಾರವೆಲ್ಲ ಗೋಡೆಯ ಮೇಲೆಯೇ. ಆಗ್ನೇಯ ಮೂಲೆಯಿಂದ ಹನ್ನೆರಡು ಅಡಿ ದೂರದಲ್ಲಿ, ರಸ್ತೆಯ ಅಂಚಿಗೆ, ಮೂವತ್ತು ಅಡಿ ಎತ್ತರದ ಬೇವಿನ ಮರ. ವಾಯವ್ಯ ಮೂಲೆಯಲ್ಲಿ ಬಚ್ಚಲು, ಅದರ ಹೊರಗೆ ಬಟ್ಟೆ ಒಗೆಯುವ ಕಲ್ಲು, ಆ ನೀರು ಹರಿದು ಹೋಗಿ ನಿಲ್ಲುವಲ್ಲಿ ನಾಲ್ಕು ಬಾಳೆ ಗಿಡ.

ಮನೆಯೊಳಗೆ ಒಟ್ಟು ಹದಿನಾಲ್ಕು ಬಿರುಕುಗಳನ್ನು ಎಣಿಸಿದೆ. ಅವುಗಳಲ್ಲಿ ಹನ್ನೆರಡಕ್ಕೂ ಪಾಯಾಕ್ಕೂ ಸಂಬಂಧವೇ ಇರಲಿಲ್ಲ. ಪಡಸಾಲೆಯ ಗೋಡೆಯ ಮೇಲೆ ಜೇಡರ ಬಲೆಯಂತೆ ಹರಡಿದ್ದವು ಗಿಲಾವು ಬೇಗ ಒಣಗಿ ಬಿಟ್ಟ ಸೀಳುಗಳು. ಆಮೇಲೆ ಸೇರಿಸಿದ ಅಡುಗೆಮನೆ ಹಳೆಯ ಗೋಡೆಗೆ ಕೂಡುವಲ್ಲಿ ನೇರವಾಗಿ ಇಳಿದ ಗೆರೆ ಇತ್ತು. ಹಳೆಯ ಇಟ್ಟಿಗೆಗೂ ಹೊಸ ಇಟ್ಟಿಗೆಗೂ ಕಚ್ಚು ಕೊಡದೆ ಕಟ್ಟಿದರೆ ಅಲ್ಲಿ ಗೆರೆ ಬಂದೇ ಬರುತ್ತದೆ. ಸ್ಲ್ಯಾಬಿನ ಕೆಳಗೆ, ಗೋಡೆಯ ತಲೆಯ ಉದ್ದಕ್ಕೂ ಅಡ್ಡಲಾಗಿ ಓಡಿದ್ದು ಬಿಸಿಲಿನ ಕೆಲಸ. ಹತ್ತು ಮೀಟರ್ ಉದ್ದದ ಕಾಂಕ್ರೀಟ್ 30 ಡಿಗ್ರಿ ಹೆಚ್ಚು ಕಾದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಕೆಳಗಿನ ಇಟ್ಟಿಗೆ ಗೋಡೆ ಅಷ್ಟು ಹಿಗ್ಗುವುದಿಲ್ಲ, ಇಬ್ಬರ ನಡುವೆ ಸೀಳು ಬೀಳುತ್ತದೆ. ಮಾಸ್ತರರು ಅತಿ ಹೆಚ್ಚು ಹೆದರಿದ್ದು ಈ ಅಡ್ಡ ಗೆರೆಗೇ, ಸ್ಲ್ಯಾಬೇ ಕಳಚಿ ಬೀಳುತ್ತದೆಂದು. ಆ ಹೆದರಿಕೆಯನ್ನು ಅವತ್ತೇ ಇಳಿಸಿದೆ.

ಉಳಿದದ್ದು ಎರಡು.

ದಕ್ಷಿಣದ ಗೋಡೆಯದು ಕಿಟಕಿಯ ಮೇಲಿನ ಮೂಲೆಯಿಂದ ಹೊರಟು, ಇಟ್ಟಿಗೆಯ ಸಂದುಗಳನ್ನೇ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಪೂರ್ವದ ಕಡೆಗೆ ಏರಿತ್ತು. ಮೇಲೆ 6 ಮಿಮೀ, ಕಿಟಕಿಯ ಮಟ್ಟದಲ್ಲಿ 2, ಪ್ಲಿಂತ್ (ಪಾಯಾದ ಮೇಲೆ ಗೋಡೆ ಶುರುವಾಗುವ ಮಟ್ಟ) ಹತ್ತಿರ ಕೂದಲೆಳೆ. ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತಿತ್ತು, ಅಂದರೆ ಇದು ಬರೀ ಗಿಲಾವಿನ ಸೀಳಲ್ಲ, ಗೋಡೆಯೇ ಸೀಳಿದೆ. ಉತ್ತರದ ಗೋಡೆಯದು ಬಚ್ಚಲ ಪಕ್ಕದಲ್ಲಿತ್ತು. ತಳದಲ್ಲಿ 3 ಮಿಮೀ, ಮೇಲೇರಿದಂತೆ ಸಣ್ಣದಾಗುತ್ತ, ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ಅಡ್ಡ ತೊಲೆ) ಮಟ್ಟದಲ್ಲಿ ಮಾಯ. ಅದು ಏರಿದ ದಿಕ್ಕು ಬಚ್ಚಲ ಮೂಲೆಯ ಕಡೆಗಲ್ಲ, ಮನೆಯ ನಡುವಿನ ಕಡೆಗೆ.

ಇಲ್ಲೇ ಸ್ವಲ್ಪ ನಿಲ್ಲಬೇಕು. ಬಿರುಕಿನ ಅಗಲವನ್ನು ಎಲ್ಲರೂ ನೋಡುತ್ತಾರೆ, ಆಕಾರವನ್ನು ನೋಡುವವರು ಕಡಿಮೆ. ಗೋಡೆಯ ಒಂದು ತುದಿ ಕೆಳಗಿಳಿದರೆ ಓರೆ ಬಿರುಕು ಇಳಿದ ಭಾಗದ ಕಡೆಗೆ ಏರುತ್ತದೆ. ಆ ತುಂಡು ಹೊರಕ್ಕೆ ವಾಲುವುದರಿಂದ ಬಿರುಕಿನ ಬಾಯಿ ಮೇಲೆ ಅಗಲ. ತುದಿ ಎದ್ದರೆ ಇದೆಲ್ಲ ತಿರುವುಮುರುವು: ಬಿರುಕು ಎದ್ದ ಮೂಲೆಗೆ ಬೆನ್ನು ಹಾಕಿ ಏರುತ್ತದೆ, ಬಾಯಿ ತಳದಲ್ಲಿ ಅಗಲ. ಒಂದು ರಟ್ಟಿನ ಪೆಟ್ಟಿಗೆಯ ಬದಿಗೆ ಅರ್ಧದವರೆಗೆ ಸೀಳು ಹಾಕಿ ಒಂದು ತುದಿಯನ್ನು ಎತ್ತಿ, ಇಳಿಸಿ ನೋಡಿ, ಕಣ್ಣಿಗೆ ಕಾಣುತ್ತದೆ. ಮಾಸ್ತರರಿಗೆ ನಾನು ಬೆಲ್ಲದ ಪೆಟ್ಟಿಗೆಯಲ್ಲೇ ತೋರಿಸಿದ್ದು. ಅವರು ಮಕ್ಕಳಿಗೆ ಪಾಠ ಹೇಳಿದವರು, ತಕ್ಷಣ ಹಿಡಿದರು. “ಅಂದ್ರ ಬಚ್ಚಲಾ ಮ್ಯಾಲ ಎದ್ದೈತಿ ಅಂತೀರಿ?” ಎಂದರು, ನಂಬಿಕೆಯಿಲ್ಲದ ದನಿಯಲ್ಲಿ. ನೀರು ಬಿದ್ದಲ್ಲಿ ನೆಲ ಕುಸಿಯಬೇಕಲ್ಲವೇ ಎಂಬುದು ಅವರ ಪ್ರಶ್ನೆ. ಮಸಾರಿ ನೆಲದಲ್ಲಿ, ತುಂಬಿದ ಮಣ್ಣಿನಲ್ಲಿ ಅದು ನಿಜ. ಎರೆಯಲ್ಲಿ ಅಲ್ಲ.

ಆ ಹೊತ್ತಿಗೆ ಮಾಸ್ತರರ ಹೆಂಡತಿ, ಅಕ್ಕಾರು, ಚಹಾ ತಂದರು. ಇಡೀ ಪ್ರಕರಣದ ಬೀಗದ ಕೈ ಅವರ ಬಳಿ ಇತ್ತು.

“ಆ ತೆಂಕಣ ಗ್ವಾಡಿದು ಬ್ಯಾಸಗ್ಯಾಗ ಬಾಯಿ ತಗೀತೈತ್ರಿ, ಮಳಿಗಾಲ ಮುಗಿಯೂದ್ರಾಗ ಮುಚ್ಚತೈತಿ. ದಸರಾಕ್ಕ ಆ ಖೋಲಿ ಬಾಗಲಾ ಬಿಗಿ, ಶಿವರಾತ್ರಿಗೆ ಸಡಲ. ಬಚ್ಚಲ ಕಡೇದು ಮಾತ್ರ ಒಮ್ಮೆ ಬಂದದ್ದು ಹೋಗೇ ಇಲ್ಲ. ನಾ ಇವರಿಗೆ ಎಷ್ಟ್ ಸಲ ಹೇಳೀನಿ.”

ಉಪಕರಣವಿಲ್ಲದೆ, ಒಂಬತ್ತು ವರ್ಷ ಆ ಬಾಗಿಲು ತೆಗೆದು ಹಾಕಿದ ಕೈ ಹೇಳಿದ ಮಾತು ಅದು. ನನ್ನ ಮುಂದಿನ ಹದಿಮೂರು ತಿಂಗಳ ಅಳತೆಗಳೆಲ್ಲ ಆ ಮಾತಿಗೆ ಅಂಕಿ ಕೊಟ್ಟವು, ಅಷ್ಟೇ.

ಎರೆ ಎಂಬ ಮಣ್ಣು

ಬೇಸಿಗೆಯಲ್ಲಿ ಎರೆ ಹೊಲಕ್ಕೆ ಕಾಲಿಟ್ಟವರಿಗೆ ಹೇಳಬೇಕಿಲ್ಲ. ಕುಡುಗೋಲು ಜಾರಿ ಬಿದ್ದರೆ ಮತ್ತೆ ಸಿಗದಷ್ಟು ಆಳದ ಬಿರುಕುಗಳು. ಒಂದು ಹದ ಮಳೆ ಬಿದ್ದರೆ ಅದೇ ನೆಲ ಮುಚ್ಚಿಕೊಂಡು ಉಬ್ಬುತ್ತದೆ, ಚಪ್ಪಲಿಗೆ ಸೇರುಗಟ್ಟಲೆ ಅಂಟುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇದರಲ್ಲಿ ಹೆಚ್ಚು. ಅದರ ಕಣಗಳು ತೆಳುವಾದ ಹಾಳೆಗಳನ್ನು ಪೇರಿಸಿಟ್ಟಂತಿದ್ದು, ನೀರು ಆ ಹಾಳೆಗಳ ನಡುವೆಯೇ ನುಗ್ಗಿ ಅವನ್ನು ದೂರ ಸರಿಸುತ್ತದೆ. ಒಣಗಿದಾಗ ಮತ್ತೆ ಹತ್ತಿರ ಬರುತ್ತವೆ. ಕಡಲೆ, ಜೋಳ, ಹತ್ತಿಗೆ ವರವಾದ ಗುಣ ಮನೆಗೆ ಶಾಪ. ಒಂದು ಅಂತಸ್ತಿನ ಮನೆಯ ಭಾರ ಈ ಉಬ್ಬನ್ನು ಅದುಮಿ ಹಿಡಿಯಲು ಸಾಲುವುದಿಲ್ಲ, ಆದ್ದರಿಂದಲೇ ಸಣ್ಣ ಮನೆ, ಕಾಂಪೌಂಡ್ ಗೋಡೆ, ಕಾಲುವೆಯ ಕಾಂಕ್ರೀಟ್ ಹೊದಿಕೆಗಳೇ ಮೊದಲು ಸೀಳುವುದು. ಮಲಪ್ರಭಾ ಕಾಲುವೆಗಳಲ್ಲಿ ಇದೇ ತೊಂದರೆ ಎದುರಾದಾಗ ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರು ಎರೆಯ ಮೇಲೆ ಉಬ್ಬದ ಅಂಟುಮಣ್ಣಿನ ಪದರ ಹಾಸಿ ಅದುಮುವ ವಿಧಾನವನ್ನು ರೂಪಿಸಿದರು. ಇದು ನಮ್ಮೊಬ್ಬರ ನೆಲದ ಕಾಯಿಲೆಯೂ ಅಲ್ಲ. 1976ರ ಬರದಲ್ಲಿ ಲಂಡನ್ ಸುತ್ತಲಿನ ಜೇಡಿ ನೆಲ ಕುಗ್ಗಿ ಅಲ್ಲಿಯ ಎಷ್ಟೋ ಮನೆಗಳು ಹೀಗೆಯೇ ಬಾಯಿ ಬಿಟ್ಟವು.

ಋತುವಿನೊಂದಿಗೆ ಹಿಗ್ಗಿ ಕುಗ್ಗುವ ಪದರ ನಮ್ಮ ಎರೆಯಲ್ಲಿ ಸುಮಾರು ಮೂರೂವರೆ ಮೀಟರ್ ಆಳದವರೆಗೆ ಎಂದು ಲೆಕ್ಕ. ಮಾಸ್ತರರ ಮನೆಯ ಪಾಯಾ ನಾಲ್ಕು ಅಡಿ ಎಂದು ನಕ್ಷೆಯಲ್ಲಿತ್ತು. ಆಗ್ನೇಯ ಮೂಲೆಯ ಪಕ್ಕ ಗುಂಡಿ ತೆಗೆಸಿದಾಗ ಸಿಕ್ಕಿದ್ದು ಮೂರು ಅಡಿ ಎರಡು ಇಂಚು. ಅದರ ಬುಡದಲ್ಲಿ ಮಣ್ಣು ಹೆಂಟೆ ಹೆಂಟೆಯಾಗಿ ಒಡೆದಿತ್ತು, ಸೀಳುಗಳಲ್ಲಿ ಬೆರಳು ಹೋಗುತ್ತಿತ್ತು, ಸೈಜುಗಲ್ಲಿನ ಕೆಳಗೆ ಬೇವಿನ ಎಳೆಬೇರುಗಳು ಜಡೆಯಂತೆ ಹೆಣೆದುಕೊಂಡಿದ್ದವು. ಬಚ್ಚಲ ಮೂಲೆಯ ಗುಂಡಿಯಲ್ಲಿ, ಅದೇ ಏಪ್ರಿಲ್ ಬಿಸಿಲಿನಲ್ಲಿ, ಮಣ್ಣು ಹೊಳೆಯುತ್ತಿತ್ತು, ಅಂಗೈಯಲ್ಲಿ ಉರುಳಿಸಿದರೆ ಶಾವಿಗೆಯಂತೆ ಎಳೆ ಬರುತ್ತಿತ್ತು. ಎರಡೂ ಹೆಂಟೆಗಳನ್ನು ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟೆವು. ಒಂದೇ ಸೈಟಿನ ಮಣ್ಣು ಎಂದು ಯಾರೂ ನಂಬುತ್ತಿರಲಿಲ್ಲ.

ಮಣ್ಣಿನ ಉಬ್ಬುವ ಗುಣ ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಒಣಗಿಸಿ ಜರಡಿ ಹಿಡಿದ ಹತ್ತು ಗ್ರಾಂ ಮಣ್ಣನ್ನು ಗೆರೆಯಿರುವ ಗಾಜಿನ ಕೊಳವೆಯಲ್ಲಿ ನೀರಿಗೆ ಹಾಕಬೇಕು, ಇನ್ನೊಂದರಲ್ಲಿ ಅಷ್ಟೇ ಮಣ್ಣನ್ನು ಸೀಮೆಎಣ್ಣೆಗೆ. ಸೀಮೆಎಣ್ಣೆಗೆ ಈ ಮಣ್ಣು ಉಬ್ಬುವುದಿಲ್ಲ. ಇಪ್ಪತ್ನಾಲ್ಕು ಗಂಟೆ ಬಿಟ್ಟು ನೋಡಿದರೆ ಎಣ್ಣೆಯಲ್ಲಿ 11 ಮಿಲಿ ಇದ್ದದ್ದು ನೀರಿನಲ್ಲಿ 20 ಆಗಿತ್ತು. ಅಂದರೆ ನೂರಕ್ಕೆ 82 ಉಬ್ಬು. 50 ದಾಟಿದರೆ ಹುಷಾರಾಗಿರಬೇಕು.

ಪಕ್ಕದ ಮನೆಯ ಅಜ್ಜ ಬೇರೆ ಮಾತು ಹೇಳಿದರು. ಈ ಜಾಗದಲ್ಲಿ ಹಿಂದೆ ಹಗೇವು (ಧಾನ್ಯ ತುಂಬಿಡುವ ನೆಲದೊಳಗಿನ ಗುಂಡಿ) ಇತ್ತು, ಅದು ಕುಸಿದಿದೆ ಎಂದು. ಇದನ್ನು ತಳ್ಳಿಹಾಕುವಂತಿರಲಿಲ್ಲ. ಜೋಳ ತುಂಬಿಡುತ್ತಿದ್ದ ಹಳೆಯ ಹಗೇವುಗಳನ್ನು ಸರಿಯಾಗಿ ತುಂಬದೆ ಮೇಲೆ ಮನೆ ಕಟ್ಟಿ, ಒಂದು ಮಳೆಗೆ ಪಡಸಾಲೆಯ ಫರಸಿ ಒಳಗಿಳಿದದ್ದನ್ನು ನಾನು ಬೇರೆ ಊರಲ್ಲಿ ಕಂಡಿದ್ದೇನೆ. ಆದರೆ ಹಗೇವಿನ ಕುಸಿತ ಒಂದೇ ದಿಕ್ಕಿನದು. ಇಳಿದದ್ದು ದಸರೆಗೆ ಮೇಲೆ ಬರುವುದಿಲ್ಲ. ಫರಸಿಯನ್ನು ಹಾರೆಯಿಂದ ಬಡಿದು ಟೊಳ್ಳು ಸದ್ದು ಹುಡುಕಿದೆವು, ಕೈಬೈರಿಗೆಯಿಂದ ನಾಲ್ಕು ಕಡೆ ಹನ್ನೊಂದು ಅಡಿ ಇಳಿಸಿದೆವು. ಎಲ್ಲ ಕಡೆ ಗಟ್ಟಿ ಎರೆ, ಅದರ ಕೆಳಗೆ ಹಳದಿ ಗರಸು (ಕಲ್ಲುಹರಳಿನ ಗಟ್ಟಿ ಮಣ್ಣು). ಹಗೇವು ಇರಲಿಲ್ಲ.

ಒಂದು ವರ್ಷದ ಕಾವಲು

ಅವತ್ತೇ ಪರಿಹಾರ ಹೇಳಿ ಎಂದು ಮಗ ಫೋನಿನಲ್ಲಿ ಒತ್ತಾಯಿಸಿದ. ಒಂದು ಮಳೆಗಾಲ, ಒಂದು ಬೇಸಿಗೆ ನೋಡದೆ ಹೇಳುವುದಿಲ್ಲ ಎಂದೆ. ಕಾಯಬಹುದು ಎಂದು ಹೇಳಲು ಆಧಾರವಿತ್ತು. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ಅಳತೆಗೋಲನ್ನು ಬಹಳ ಇಂಜಿನಿಯರುಗಳು ಬಳಸುತ್ತಾರೆ. ಅದರಂತೆ 1 ಮಿಮೀವರೆಗಿನದು ಬಣ್ಣ ಬಳಿಯುವಾಗ ಮುಚ್ಚುವಂಥದ್ದು, 5ರವರೆಗಿನದು ಸಣ್ಣ ರಿಪೇರಿಯದು, 5ರಿಂದ 15 ಬಾಗಿಲು ಕಿಟಕಿ ಹಿಡಿಯುವ ಮಟ್ಟ, 15 ದಾಟಿದರೆ ಗೋಡೆಯ ತುಂಡನ್ನೇ ತೆಗೆದು ಕಟ್ಟಬೇಕಾದೀತು, 25 ದಾಟಿದರೆ ಮನೆಯ ಭದ್ರತೆಯದೇ ಪ್ರಶ್ನೆ. ನಮ್ಮದು 6. ಸ್ಲ್ಯಾಬು ಗೋಡೆಯ ಮೇಲೆ ಪೂರ್ತಿ ಕುಳಿತಿತ್ತು, ಗೋಡೆ ಲಂಬದಿಂದ ವಾಲಿರಲಿಲ್ಲ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಬಿರುಕು ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ, ಅವರನ್ನು ಅವತ್ತೇ ಮನೆ ಬಿಡಿಸುತ್ತಿದ್ದೆ.

ಬಿರುಕಿನ ಅಡ್ಡಕ್ಕೆ ಗಾಜಿನ ಪಟ್ಟಿ ಅಂಟಿಸುವುದು ಹಳೆಯ ಪದ್ಧತಿ. ಅದು ಅಲುಗಾಟವಾಯಿತೋ ಇಲ್ಲವೋ ಎಂದು ಹೇಳುತ್ತದೆ, ಎಷ್ಟು, ಯಾವ ಕಡೆ ಎಂದು ಹೇಳುವುದಿಲ್ಲ. ಅದಕ್ಕೇ ಬಿರುಕಿನ ಒಂದು ಪಕ್ಕ ಎರಡು, ಇನ್ನೊಂದು ಪಕ್ಕ ಒಂದು, ಹೀಗೆ ತ್ರಿಕೋನವಾಗಿ ಮೂರು ಸ್ಕ್ರೂ ಕೂರಿಸಿ ಕ್ಯಾಲಿಪರ್‌ನಲ್ಲಿ (ಮಿಲಿಮೀಟರಿನ ಭಾಗವನ್ನೂ ತೋರಿಸುವ ಅಳತೆ ಉಪಕರಣ) ಅಳೆಯುವ ಏರ್ಪಾಡು ಮಾಡಿದೆವು. ಬಾಯಿ ತೆರೆದದ್ದೂ ಸಿಗುತ್ತದೆ, ಪಕ್ಕಕ್ಕೆ ಜಾರಿದ್ದೂ ಸಿಗುತ್ತದೆ. ಮೂಲೆಗಳ ಮಟ್ಟಕ್ಕೆ ಗೌಂಡಿಗಳು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪೇ ಸಾಕಾಯಿತು, ಅದರಲ್ಲಿ ಹೆಚ್ಚೆಂದರೆ 2 ಮಿಮೀ ಆಚೀಚೆ ಆದೀತು. ಅಲುಗದ ಗುರುತು ಎಲ್ಲಿ ಹಾಕುವುದೆಂಬುದೇ ತಲೆನೋವು. ಎರೆಯ ಮೇಲೆ ನಿಂತ ಕಂಬ, ಕಟ್ಟೆ, ಎಲ್ಲವೂ ಅಲುಗುತ್ತವೆ. ಓಣಿಯ ಕೈಪಂಪಿನ ಕೇಸಿಂಗ್ ಪೈಪು ಎರೆಯನ್ನು ದಾಟಿ ಬಂಡೆಯವರೆಗೆ ಇಳಿದದ್ದು, ಅದರ ಮೇಲೆ ಗರಗಸದ ಗೆರೆ ಹಾಕಿದೆವು. ತಿಂಗಳಿಗೊಮ್ಮೆ ಅಳೆದು ಬರೆಯುವ ಕೆಲಸವನ್ನು ಮಾಸ್ತರರು ಹಾಜರಿ ಪುಸ್ತಕ ಬರೆದ ಶಿಸ್ತಿನಲ್ಲೇ ಮಾಡಿದರು. ಒಂದು ತಿಂಗಳೂ ತಪ್ಪಲಿಲ್ಲ.

ಆ ವರ್ಷ ಮಳೆ ಜೋರಾಗಿತ್ತು. ದಕ್ಷಿಣದ ಬಿರುಕು ಏಪ್ರಿಲ್‌ನ 6 ಮಿಮೀಯಿಂದ ಅಕ್ಟೋಬರ್‌ಗೆ ಎರಡೂವರೆಗೆ ಇಳಿದು, ಮರುವರ್ಷದ ಮೇ ಹೊತ್ತಿಗೆ ಆರೂವರೆಗೆ ಏರಿತು. ಆಗ್ನೇಯ ಮೂಲೆ ಮನೆಯ ನಡುಗೋಡೆಗಿಂತ 18 ಮಿಮೀ ಕೆಳಗಿದ್ದದ್ದು ಮಳೆಗಾಲದ ಕೊನೆಗೆ 8ಕ್ಕೆ ಎದ್ದು, ಬೇಸಿಗೆಗೆ ಮತ್ತೆ 19ಕ್ಕೆ ಇಳಿಯಿತು. ಬಚ್ಚಲ ಮೂಲೆ 14 ಮಿಮೀ ಮೇಲಿತ್ತು, ಅಕ್ಟೋಬರ್‌ನಲ್ಲಿ 16, ಮೇನಲ್ಲೂ 16. ನಡುಗೋಡೆ ಮಾತ್ರ ಕೈಪಂಪಿನ ಗುರುತಿಗೆ ಹೋಲಿಸಿದರೆ ಇಡೀ ವರ್ಷ ಅಲುಗಲೇ ಇಲ್ಲವೆನ್ನಬೇಕು, ಮನೆಯೇ ಕೊಡೆಯಾಗಿ ಅಲ್ಲಿಯ ಮಣ್ಣಿನ ತೇವವನ್ನು ಕಾಯುತ್ತಿತ್ತು.

ಹಿಂದೆ ಎರಡು ಸಲ ಗೌಂಡಿಯನ್ನು ಕರೆಸಿ ದಕ್ಷಿಣದ ಬಿರುಕಿಗೆ ಸಿಮೆಂಟ್ ತುಂಬಿಸಿದ್ದರು, ಎರಡು ಸಲವೂ ಬೇಸಿಗೆಯಲ್ಲಿ. ಬಾಯಿ ಪೂರ್ತಿ ತೆರೆದಾಗ ಗಟ್ಟಿ ಸಿಮೆಂಟ್ ತುಂಬಿದರೆ ಮಳೆಗಾಲದಲ್ಲಿ ಅದು ಮುಚ್ಚಿಕೊಳ್ಳಲಾಗದೆ ಪಕ್ಕದ ಇಟ್ಟಿಗೆಯನ್ನು ತಳ್ಳುತ್ತದೆ. ಮೊದಲಿನ ಬಿರುಕಿನಿಂದ ಒಂದು ಗೇಣು ದೂರದಲ್ಲಿ ಹೊಸದೊಂದು ಹುಟ್ಟಿದ್ದು ಹಾಗೆಯೇ.

ಇನ್ನು ಸುತ್ತಲೂ ಪಾಯಾ ಎತ್ತಿಸುವ ಆರು ಲಕ್ಷದ ಮಾತು. ಅದರ ಹೊಸ ಕಾಂಕ್ರೀಟೂ ಅದೇ ಹಿಗ್ಗುವ ಪದರದಲ್ಲೇ, ಐದು ಅಡಿಗೆ ನಿಲ್ಲುವುದಿತ್ತು. ನೀರು, ಬೇರು ಎರಡೂ ಹಾಗೇ ಉಳಿಯುತ್ತಿದ್ದವು. ಆ ದುಡ್ಡು ಮಣ್ಣು ಪಾಲಾಗುತ್ತಿತ್ತು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಮಾಡಿದ್ದೇನು

ಬೇವನ್ನು ಕಡಿಯಬೇಕೆಂಬುದು ಮಗನ ಮೊದಲ ಮಾತು. ಅಕ್ಕಾರು ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ, ನನ್ನ ಕಾರಣ ಬೇರೆ. ಮರ ಮನೆಗಿಂತ ಹಳೆಯದು. ಅದು ಹೀರಿ ಒಣಗಿಸಿಟ್ಟ ನೆಲದ ಮೇಲೆಯೇ ಪಾಯಾ ಕೂತಿದೆ. ಏಕಾಏಕಿ ಕಡಿದರೆ ಆ ನೆಲ ವರ್ಷಗಟ್ಟಲೆ ನೀರು ಕುಡಿದು ಉಬ್ಬುತ್ತದೆ, ಆಗ ಇಳಿದ ಮೂಲೆ ಕಟ್ಟಿದ ಮಟ್ಟಕ್ಕಿಂತ ಮೇಲೇಳಬಹುದು. ಅದು ರಸ್ತೆ ಬದಿಯ ಮರ, ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಅನುಮತಿಯೂ ಬೇಕು. ಅನುಮತಿ ಪಡೆದು ಕೊಂಬೆಗಳನ್ನಷ್ಟೇ ತೆಳುವು ಮಾಡಿಸಿದೆವು. ಎಲೆ ಕಡಿಮೆಯಾದರೆ ಮರ ಕುಡಿಯುವ ನೀರೂ ಕಡಿಮೆ. ಮನೆಗೂ ಮರಕ್ಕೂ ನಡುವೆ, ಗೋಡೆಯಿಂದ ಆರು ಅಡಿ ಬಿಟ್ಟು, ಏಳು ಅಡಿ ಆಳದ ಒಂದು ಅಡಿ ಅಗಲದ ಕಂದಕ ತೋಡಿ, ದಪ್ಪ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿ, ಸಿಮೆಂಟ್ ಕಡಿಮೆಯಿರುವ ಸಪ್ಪೆ ಕಾಂಕ್ರೀಟ್ ತುಂಬಿದೆವು. ಮನೆಯ ಕಡೆಯ ಬೇರುಗಳು ಕಡಿದುಹೋದವು, ಮರ ನಿಂತಿತು.

ಬಚ್ಚಲ ಮೂಲೆಯಲ್ಲಿ ನೆಲದಡಿಯ ಪೈಪಿನ ಕೂಡುವಿಕೆ ಬಿಟ್ಟುಹೋಗಿತ್ತು, ಒಂಬತ್ತು ವರ್ಷದ ಸ್ನಾನದ ನೀರಿನಲ್ಲಿ ಒಂದಷ್ಟು ಪಾಲು ಪಾಯಾದ ಬುಡಕ್ಕೇ ಹೋಗಿತ್ತು. ಪೈಪು ಬದಲಿಸಿ, ಒಗೆಯುವ ಕಲ್ಲನ್ನು ಕಾಂಪೌಂಡಿನ ಅಂಚಿಗೆ ಸರಿಸಿ, ನೀರು ನೇರ ಗಟಾರಕ್ಕೆ ಹೋಗುವಂತೆ ಕಾಂಕ್ರೀಟಿನ ಮೋರಿ ಮಾಡಿಸಿದೆವು. ಈ ಕೆಲಸವನ್ನು ಬೇಸಿಗೆಯ ನಡುವೆ ಮಾಡದೆ 2023ರ ಜೂನ್‌ಗೆ ಇಟ್ಟುಕೊಂಡೆ. ನೆನೆದು ಉಬ್ಬಿದ ಎರೆ ಒಮ್ಮೆಲೇ ಒಣಗಿದರೆ ಎದ್ದ ಮೂಲೆ ಒಮ್ಮೆಲೇ ಇಳಿಯುತ್ತದೆ, ನಿಧಾನವಾಗಿ ಇಳಿಯಲಿ ಎಂಬುದು ಲೆಕ್ಕ.

ಮನೆಯ ಸುತ್ತಲೂ ಐದು ಅಡಿ ಅಗಲಕ್ಕೆ, ಒಂದೂವರೆ ಅಡಿ ಎರೆ ತೆಗೆದು ಗರಸು ತುಂಬಿ ದಮ್ಮಸು ಮಾಡಿ, ಪ್ಲಾಸ್ಟಿಕ್ ಹಾಸಿ, ಮೇಲೆ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಕಿದೆವು. ಗೋಡೆಗೂ ಈ ಅಂಚಿಗೂ ನಡುವಿನ ಸಂದಿಗೆ ಡಾಂಬರು. ಛಾವಣಿಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ಪೈಪುಗಳನ್ನು ಗಟಾರದವರೆಗೆ ಎಳೆದೆವು. ಮಳೆಗಾಲದಲ್ಲಿ ನೀರು ಒಳಗೆ ಹೋಗಬಾರದು, ಬೇಸಿಗೆಯಲ್ಲಿ ಒಳಗಿನ ತೇವ ಹೊರಗೆ ಬರಬಾರದು. ಈ ಮಣ್ಣಿನ ಮೇಲೆ ಈಗಾಗಲೇ ಕಟ್ಟಿದ ಮನೆಗೆ ಇದಕ್ಕಿಂತ ಒಳ್ಳೆಯ ಔಷಧ ನನಗೆ ಗೊತ್ತಿಲ್ಲ. ಎಲ್ಲ ಸೇರಿ ಒಂದು ಲಕ್ಷ ಎಪ್ಪತ್ತು ಸಾವಿರ ಆಯಿತು.

ಹೊಸದಾಗಿ ಕಟ್ಟುವವರಿಗೆ ಬೇರೆ ದಾರಿ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದೇ ಮಣ್ಣಿಗೆಂದು ಬೆಳೆಸಿದ, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಪೈಲ್‌ಗಳು (ನೆಲದೊಳಗೆ ಇಳಿಸುವ ಕಂಬಗಳು) ಹಿಗ್ಗುವ ಪದರವನ್ನು ದಾಟಿ ಕೆಳಗೆ ಬೇರೂರುತ್ತವೆ. ಅವುಗಳ ಮೇಲಿನ ಪ್ಲಿಂತ್ ಬೀಮ್‌ನ ಕೆಳಗೆ ಮಣ್ಣಿಗೆ ತಾಗದಂತೆ ಸಂದಿ ಬಿಡಬೇಕು. ಎಷ್ಟೋ ಕಡೆ ಆ ಸಂದಿಯನ್ನು ಗೌಂಡಿಗಳು ಕಲ್ಲುಚೂರಿನಿಂದ ತುಂಬಿಬಿಡುತ್ತಾರೆ, ಮಣ್ಣು ಅಲ್ಲಿಂದಲೇ ಬೀಮನ್ನು ಎತ್ತುತ್ತದೆ. ಕೆಲಸದ ದಿನ ನಿಂತು ನೋಡಬೇಕಾದ ಜಾಗ ಅದು.

ಆಮೇಲೆ

2023 ಬರದ ವರ್ಷ. ಸರ್ಕಾರ ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ರೈತರ ಎದೆ ಒಡೆದ ಆ ವರ್ಷವೇ ನಮ್ಮ ಕೆಲಸದ ಪರೀಕ್ಷೆಯೂ ಆಯಿತು. ಆಗ್ನೇಯ ಮೂಲೆ ಅಕ್ಟೋಬರ್‌ನಲ್ಲಿ 16 ಮಿಮೀ ಕೆಳಗಿತ್ತು, 2024ರ ಮೇನಲ್ಲಿ 18, ಮತ್ತೆ ಒಳ್ಳೆಯ ಮಳೆ ಬಂದ ಮೇಲೆ 15. ಮೊದಲು ವರ್ಷಕ್ಕೆ 11 ಮಿಮೀ ಏರಿಳಿಯುತ್ತಿದ್ದದ್ದು ಈಗ ಮೂರರೊಳಗೆ ಬಂದಿದೆ, ಅದರಲ್ಲೂ ಮಟ್ಟ ನೋಡುವ ನೀರಿನ ಪೈಪಿನ ಅಳತೆಯ ತಪ್ಪು ಎಷ್ಟೋ ಪಾಲು ಇರಬಹುದು. ಇಳಿದದ್ದು ಇಳಿದಂತೆಯೇ ಉಳಿಯಿತು, ಅದನ್ನು ಎತ್ತುವ ಗೋಜಿಗೆ ಹೋಗಲಿಲ್ಲ. ದಕ್ಷಿಣದ ಬಿರುಕನ್ನು ಡಿಸೆಂಬರ್‌ನಲ್ಲಿ, ಬಾಯಿ ಪೂರ್ತಿ ತೆರೆಯದ ಪೂರ್ತಿ ಮುಚ್ಚದ ಹದದಲ್ಲಿ, ಹೊಲಿದೆವು: ಐದು ವರಸೆಗೊಂದರಂತೆ ಇಟ್ಟಿಗೆಯ ಸಂದು ಕೆರೆದು, ತುಕ್ಕು ಹಿಡಿಯದ ಉಕ್ಕಿನ 6 ಮಿಮೀ ಸರಳು ಕೂರಿಸಿ, ಸುಣ್ಣ ಹೆಚ್ಚಿರುವ ಗಾರೆ ತುಂಬಿ. ಮರು ಬೇಸಿಗೆಗೆ ಅಲ್ಲಿ ಕಂಡದ್ದು ಒಂದು ಕೂದಲೆಳೆ.

ಬಚ್ಚಲ ಮೂಲೆ 16ರಿಂದ 12ಕ್ಕೆ ಇಳಿದಿದೆ, ಇನ್ನೂ ಇಳಿಯುತ್ತಿದೆ. ಅದರ ಬಿರುಕನ್ನು ತುಂಬಿಲ್ಲ, ಬಣ್ಣವನ್ನೂ ಬಳಿದಿಲ್ಲ. ನೆಂಟರು ಬಂದಾಗ ಅಕ್ಕಾರಿಗೆ ಕಸಿವಿಸಿ. “ಇನ್ನೊಂದು ಮಳಿಗಾಲ ನೋಡೋಣ್ರಿ ಅಕ್ಕಾರ” ಎಂದಿದ್ದೇನೆ. ಮೂರು ಸ್ಕ್ರೂಗಳು ಅಲ್ಲೇ ಇವೆ, ಮಾಸ್ತರರು ಪ್ರತಿ ತಿಂಗಳ ಒಂದನೇ ತಾರೀಖು ಕ್ಯಾಲಿಪರ್ ಹಿಡಿದು ನಿಲ್ಲುತ್ತಾರೆ.